ಸೈಕಲ್ ಟ್ಯೂಬಿನಿಂದ ಬಂದ ರಾಕ್ ಸಂಗೀತ

ಟೇಪ್ ರೆಕಾರ್ಡರ್ ರಿಪೇರಿ ಮಾಡಲು ವಿದ್ಯೆ ಬೇಕು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ಸ್ಕ್ರೂಡ್ರೈವರ್ ಇರಬೇಕು, ಸ್ವಲ್ಪ ಧೈರ್ಯ ಇರಬೇಕು, ಅಷ್ಟೇ. ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆಮೇಲೆ ಎಂಟು ಜನರ ಬ್ಯಾಂಡ್‌ಸೆಟ್ ನಡೆಸಿದೆ, ಸ್ವಂತ ಕೈಯಿಂದ ಮನೆಗೆ ಶೀಟು ಹೊದಿಸಿದೆ, ಇಬ್ಬರು ತಂಗಿಯರ ಮದುವೆ ಮಾಡಿದೆ. ಯಾವುದಕ್ಕೂ ಯಾರೂ ನನ್ನ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. ಹೀಗಿರುವಾಗ ನಮ್ಮ ಟೇಪ್ ರೆಕಾರ್ಡರಿನ ಒಳಗಿನ ಬೆಲ್ಟು ತುಂಡಾಗಿ, ಜಯನಗರದ ರಿಪೇರಿ ಅಂಗಡಿಯವನು ನನ್ನ ಮುಖ ಕೂಡ ನೋಡದೆ "ಬಿಟ್ಟುಹೋಗಿ, ಮುಂದಿನ ತಿಂಗಳು ನೋಡೋಣ" ಎಂದಾಗ ನಾನು ಬಿಟ್ಟುಹೋಗಬೇಕಿತ್ತೇ?

ಬಿಡಲಿಲ್ಲ. ಟೇಪನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ, ಬಳೆಯ ಹಾಗೆ ಒಂದು ಉಂಗುರ ತೆಗೆದೆ. ಒಳಗಿನ ಎರಡು ಚಕ್ರಗಳಿಗೆ ಅದನ್ನು ಸಿಕ್ಕಿಸಿ ಗುಂಡಿ ಒತ್ತಿದೆ. ತಿರುಗಿತು! ಹಾಡು ಬಂತು! ಆ ದಿನ ನಾನು ಊಟಕ್ಕೆ ಕೂತ ಭಂಗಿಯೇ ಬೇರೆ.

ನನ್ನ ಹೆಂಡತಿ ಸರೋಜಳಿಗೆ ಮಾತ್ರ ಈ ಸಾಧನೆಯ ಬೆಲೆ ತಿಳಿಯಲಿಲ್ಲ. ಮೊದಲನೇ ಶುಕ್ರವಾರವೇ ದೇವರ ಮನೆಯಿಂದ ಕೂಗಿ ಹೇಳಿದಳು.

"ರೀ, ಲಕ್ಷ್ಮಿ ಹಾಡು ಎಳೀತಾ ಇದೆ. ಹಾಡೋಳಿಗೆ ನೆಗಡಿ ಆದ ಹಾಗಿದೆ."

"ಭಕ್ತಿ ಹಾಡು ನಿಧಾನವಾಗೇ ಇರಬೇಕು ಕಣೆ. ನಿನಗೆ ಅವಸರ ಜಾಸ್ತಿ."

"ಮುಂಚೆ ಹಾಡು ಮುಗಿಯೋಷ್ಟರಲ್ಲಿ ಮಂಗಳಾರತಿ ಆಗ್ತಿತ್ತು. ಈಗ ಮಂಗಳಾರತಿ ಆಗಿ, ತಿಂಡಿ ಆಗಿ, ಪಾತ್ರೆ ತೊಳೆದಾದ್ರೂ ಆಯಮ್ಮ ಇನ್ನೂ ಕರೀತಾನೇ ಇದಾಳೆ. ಲಕ್ಷ್ಮಿ ಬರೋದು ಯಾವಾಗ?"

ಮೂವತ್ತು ವರ್ಷ ಕ್ಲಾರಿನೆಟ್ ಊದಿದವನ ಕಿವಿಗೆ ಹೆಂಗಸು ಪಾಠ ಹೇಳುವುದೇ? ಇಲ್ಲಿಗೆ ನನ್ನ ಮೊದಲನೇ ತಪ್ಪು ಪೂರ್ತಿಯಾಯಿತು. ಓದುಗರು ಗುರುತು ಹಾಕಿಕೊಳ್ಳಬೇಕಾಗಿ ವಿನಂತಿ.

ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಯಡಿಯೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ನಮ್ಮ ಬ್ಯಾಂಡಿನವರಿಗೆಲ್ಲ ಕೆಂಪು ಕೋಟು, ಭುಜದ ಮೇಲೆ ಚಿನ್ನದ ಬಣ್ಣದ ಕುಚ್ಚು. ಇಟ್ಟಮಡುವಿನಲ್ಲಿ ನಂಜುಂಡಪ್ಪ ಎನ್ನುವ ಹಳೆಯ ಕುಳ ತಮ್ಮ ರಾಗಿ ಹೊಲದ ಮೇಲೆ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಅದರ ಗೇಟಿನ ಮೇಲೆ ನಮ್ಮ ಬೋರ್ಡು ತೂಗುತ್ತಿತ್ತು: "ಗೋವಿಂದರಾಜು ಬ್ರಾಸ್ ಬ್ಯಾಂಡ್. ಶುಭಕಾರ್ಯಗಳಿಗೆ ಮಾತ್ರ." ಆ "ಮಾತ್ರ" ಎನ್ನುವುದನ್ನು ನಾನೇ ಮುಂದೆ ನಿಂತು ಕೆಂಪು ಬಣ್ಣದಲ್ಲಿ ಬರೆಸಿದ್ದೆ. ನಮಗೆ ಬರುವ ಮದುವೆಗಳಲ್ಲಿ ಮುಕ್ಕಾಲು ಪಾಲು ಆ ಬೋರ್ಡು ನೋಡಿ ಬಂದವು. ಅದು ಹೋದರೆ ಎಂಟು ಕೆಂಪು ಕೋಟುಗಳೂ ಪೆಟ್ಟಿಗೆ ಸೇರಬೇಕು.

"ಮಾತ್ರ" ಯಾಕೆ ಎಂದರೆ, ನಮ್ಮಪ್ಪ ಮದುವೆಗೂ ನುಡಿಸುತ್ತಿದ್ದ, ಸಾವಿಗೂ ನುಡಿಸುತ್ತಿದ್ದ. ಸ್ಕೂಲಿನಲ್ಲಿ ಹುಡುಗರು ನನ್ನನ್ನು "ಹೆಣದ ಬಾಜಾ" ಎಂದು ಕರೆಯುತ್ತಿದ್ದರು. ಒಂದು ದಿನ ಒಬ್ಬನ ಮೂಗಿಗೆ ಗುದ್ದಿ ಸ್ಕೂಲು ಬಿಟ್ಟು ಬಂದೆ. ಅವನ ಮೂಗು ಎಂಟು ದಿನದಲ್ಲಿ ಸರಿಹೋಯಿತು. ನನ್ನ ವಿದ್ಯಾಭ್ಯಾಸ ಸರಿಹೋಗಲಿಲ್ಲ. ಆದ್ದರಿಂದ ಬ್ಯಾಂಡು ನನ್ನ ಕೈಗೆ ಬಂದ ದಿನವೇ ಸಾವಿನ ಮನೆಯ ಕಡೆ ತಲೆ ಹಾಕುವುದಿಲ್ಲ ಎಂದು ತೀರ್ಮಾನಿಸಿದೆ. ಯಾರಾದರೂ ಕರೆಯಲು ಬಂದರೆ ಬೋರ್ಡು ತೋರಿಸಿ ಕಳಿಸುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಎಲ್ಲಿ ನೋಡಿದರೂ ಆಳೆತ್ತರದ ಸ್ಪೀಕರು, ಕೀಬೋರ್ಡು. ಒಬ್ಬ ಕಡ್ಡಿಯಂಥವನು ಬೆರಳಿನಿಂದ ಒಂದು ಗುಂಡಿ ಒತ್ತಿ ಟೀ ಕುಡಿಯಲು ಹೋಗುತ್ತಾನೆ, ಅದರ ಪಾಡಿಗೆ ಅದು ಬಾರಿಸುತ್ತದೆ! ನಾವು ಶ್ವಾಸಕೋಶ ಹರಿದುಕೊಂಡು ಊದಿದರೆ ಜನ "ಸೌಂಡ್ ಸಾಲದು" ಎನ್ನುತ್ತಾರೆ. ಇದಕ್ಕೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಅಂಥ ಕಾಲದಲ್ಲಿ ನಂಜುಂಡಪ್ಪ ನನ್ನನ್ನು ಕರೆಸಿ, ಜಗಲಿಯ ಮೇಲೆ ಕೂತು ಹೇಳಿದರು.

"ಗೋವಿಂದ, ನಿನ್ನ ಪೀಪಿ ಈಗ ಯಾರಿಗಪ್ಪ ಬೇಕು? ಎಲ್ರೂ ಸ್ಪೀಕರ್ ಕೇಳ್ತಾರೆ. ನನ್ನ ಮಗಳ ಮದುವೆ ಐತೆ. ಅದೊಂದು ಚೆನ್ನಾಗಿ ನಡೆಸಿಕೊಡು, ಬೋರ್ಡು ಇರ್ಲಿ. ಇಲ್ಲಾಂದ್ರೆ ತೆಗೆಸ್ತೀನಿ, ಬೇಜಾರ್ ಮಾಡ್ಕೋಬೇಡ."

ಪೀಪಿ! ಮೂವತ್ತು ವರ್ಷದ ವಾದ್ಯಕ್ಕೆ ಪೀಪಿ! ಹಲ್ಲು ಕಚ್ಚಿಕೊಂಡು "ಆಗ್ಲಿ ಯಜಮಾನ್ರೇ" ಎಂದೆ.

ಅಳಿಯನಾಗುವವನು ವೀರೇಶ, ಗದಗಿನ ಕಡೆಯವನು. ಆಫೀಸು ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ನಂಜುಂಡಪ್ಪನವರ ಮನೆಯ ಮಹಡಿ ಮೇಲಿನ ರೂಮಿಗೆ ಬಾಡಿಗೆಗೆ ಸೇರಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಕೆಳಗಿನ ಮನೆಗೂ ಸೇರಿಬಿಟ್ಟ. ಅವನೇ ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ, "ಕೂಡ್ರಿ ಮಾಸ್ತರ" ಎಂದು ಕುರ್ಚಿ ಕೊಟ್ಟ. ಬ್ಯಾಂಡ್ ಮಾಸ್ಟರಿಗೆ ಅವರ ಕಡೆ ಹಾಗೆ ಹೇಳುತ್ತಾರೋ ಏನೋ, ನನಗಂತೂ ಸ್ಕೂಲಿನಲ್ಲಿ ಬೆತ್ತದಲ್ಲಿ ಹೊಡೆದ ಮೇಷ್ಟರ ಪದವಿಯೇ ಸಿಕ್ಕಿದ ಹಾಗಾಯಿತು. ಆ ಒಂದು ಮಾತಿಗೆ ನಾನು ಏನು ಬೇಕಾದರೂ ಒಪ್ಪಿಕೊಳ್ಳುತ್ತಿದ್ದೆ. ಒಪ್ಪಿಕೊಂಡೆ ಕೂಡ.

ಅವನ ರೂಮಿನ ಗೋಡೆಯ ತುಂಬಾ ಕ್ಯಾಸೆಟ್ಟುಗಳು. ಎಲ್ಲವೂ ಇಂಗ್ಲಿಷ್ ರಾಕ್ ಆಲ್ಬಮ್. ಆ ಸಂಗೀತವನ್ನು ನಾನು ಅದುವರೆಗೆ ಕೇಳಿರಲಿಲ್ಲ. ವಾರಕ್ಕೊಂದು ಸಲ ಹೊಸದನ್ನು ಹುಡುಕಿಕೊಂಡು ಬ್ರಿಗೇಡ್ ರೋಡಿನವರೆಗೂ ಹೋಗುತ್ತೇನೆ ಎಂದ. ಒಂದು ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟ. ಅದರ ಮೇಲೆ ನಾಲ್ಕು ಜನ ಗಂಡಸರ ಚಿತ್ರ. ನಾಲ್ವರೂ ತಲೆಗೆ ನೀರು ಹಾಕಿಕೊಂಡು ತಿಂಗಳಾದ ಹಾಗೆ ಇದ್ದರು.

ವಿಷಯ ಇಷ್ಟೇ. ಈ ಆಲ್ಬಮ್ ಹೊಸದಾಗಿ ತಂದ ದಿನ ಅವನು ಅದರ ಮೊದಲನೇ ಹಾಡನ್ನು ಜೋರಾಗಿ ಹಾಕಿದ್ದನಂತೆ. ನಂಜುಂಡಪ್ಪನವರ ಮಗಳು ಸುಧಾ ಮೆಟ್ಟಿಲು ಹತ್ತಿ ಬಂದು, ಸೌಂಡು ಕಮ್ಮಿ ಮಾಡ್ತೀರೋ ಇಲ್ಲವೋ ಎಂದು ಜಗಳ ತೆಗೆದಳಂತೆ. ಅವನು ಕಮ್ಮಿ ಮಾಡಿದನಂತೆ. ಮಾರನೆಯ ದಿನ ಅವಳೇ ಬಂದು, ನಿನ್ನೆಯದು ಇನ್ನೊಂದು ಸಲ ಹಾಕಿ ಎಂದಳಂತೆ. ಅಲ್ಲಿಂದ ಮುಂದಿನದನ್ನು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

"ಮಾಸ್ತರ, ದಿಬ್ಬಣ ಮಂಟಪಕ್ಕ ಬರೂ ಮುಂದ ನೀವು ಇದನ್ನ ಬಾರಸಬೇಕು. ಆಕಿಗೆ ಗೊತ್ತಿಲ್ಲ. ಹಾಡು ಕೇಳಿದ ಕೂಡಲೇ ಆಕಿ ಮ್ಯಾಲಿನ ಬಾಲ್ಕನಿಗೆ ಬಂದು ಇಣುಕಿ ನೋಡಬೇಕು. ಇಷ್ಟ ನನ್ನ ಆಸೆ."

ಹೇಳಿ, ಕ್ಯಾಸೆಟ್ಟನ್ನು ತನ್ನ ಸ್ಟೀರಿಯೋಗೆ ಹಾಕಲು ಹೋದ. ನಾನು ಕೈ ಅಡ್ಡ ಹಿಡಿದೆ. "ಬೇಡಿ. ಮನೇಲಿ ಕೇಳ್ಕೋತೀನಿ. ನಮಗೆ ತೋರಿಸಿಕೊಡೋದು ಬೇಕಾಗಿಲ್ಲ." ಅಭ್ಯಾಸ ನೋಡಲು ಬರಲೇ ಎಂದು ಕೇಳಿದ. ಅದೂ ಬೇಡ ಎಂದೆ. ಆಚಾರಿ ಮನೆಯ ಬಾಗಿಲು ಕೆತ್ತುವಾಗ ಯಾರಾದರೂ ಪಕ್ಕದಲ್ಲಿ ನಿಂತು ನೋಡುತ್ತಾರೆಯೇ? ಹೀಗೆ ಎರಡನೇ ಮತ್ತು ಮೂರನೇ ತಪ್ಪನ್ನು ಒಂದೇ ಕುರ್ಚಿಯಲ್ಲಿ ಕೂತು ಮುಗಿಸಿಕೊಂಡು ಬಂದೆ.

ಮನೆಗೆ ಬಂದು ಕ್ಯಾಸೆಟ್ ಹಾಕಿದೆ. ಒಳಗಿನಿಂದ ಒಂದು ಸ್ವರ ಹೊರಟಿತು. ಕೋಣ ಬಾವಿಯೊಳಗೆ ಬಿದ್ದು ಯಾರನ್ನೋ ಕರೆಯುತ್ತಿರುವ ಹಾಗಿತ್ತು. ಡ್ರಮ್ಮಿನವನು ಒಂದು ಏಟು ಹಾಕಿ, ಇನ್ನೊಂದು ಹಾಕುವುದೋ ಬೇಡವೋ ಎಂದು ಯೋಚಿಸುತ್ತಿದ್ದ. ಗಿಟಾರಿನ ತಂತಿ ಒಂದೊಂದು ಸ್ವರಕ್ಕೂ ನರಳುತ್ತಿತ್ತು. ಸರೋಜ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

"ಯಾರ್ರೀ ಇವರು, ಊಟ ಮಾಡಿಲ್ವಾ?"

"ರಾಕ್ ಸಂಗೀತ. ನಿನಗೆ ತಿಳಿಯಲ್ಲ."

"ಟೇಪು ಎಳೀತಿದೆ ಅಂತ ಆಗಿಂದ ಬಡ್ಕೋತಾ ಇದೀನಿ."

"ಟೇಪು ಎಳೀತಿಲ್ಲ. ಆ ದೇಶದಲ್ಲಿ ಚಳಿ. ಗಂಟಲು ಹಾಗೇ ಇರುತ್ತೆ."

ಸಿನಿಮಾ ಹಾಡಾಗಿದ್ದರೆ ಮೊದಲ ಸಾಲಿಗೇ ನನಗೆ ಗೊತ್ತಾಗುತ್ತಿತ್ತು. ಅದರ ನಿಜವಾದ ನಡಿಗೆ ನನ್ನ ಕಿವಿಯಲ್ಲಿ ಮೊದಲೇ ಇರುತ್ತದೆ. ಆದರೆ ಹುಟ್ಟಿದಾಗಿನಿಂದ ಕೇಳದ ಸಂಗೀತ ಎಷ್ಟು ಬೇಗ ಓಡಬೇಕು ಎಂದು ಯಾರಿಗೆ ಗೊತ್ತು? ಸೈಕಲ್ ಟ್ಯೂಬು ಹೇಳಿದ್ದೇ ವೇಗ. ನಾನು ಅದನ್ನೇ ನಂಬಿದೆ. ಈಗ ನೆನೆಸಿಕೊಂಡರೆ ಆ ಟ್ಯೂಬಿಗೆ ಬೆಂಕಿ ಹಚ್ಚಬೇಕೆನಿಸುತ್ತದೆ.

ಆದರೆ ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ಮೂರನೇ ದಿನದ ಹೊತ್ತಿಗೆ ನನಗೆ ಆ ಹಾಡು ಹಿಡಿಸಿತು. ಹಿಡಿಸಿತು ಎಂದರೆ ಸಾಲದು. ಮಧ್ಯಾಹ್ನ ಊಟ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಅದನ್ನೇ ಕೇಳುತ್ತಾ ಕೂರುತ್ತಿದ್ದೆ. ಕೇಳುತ್ತಾ ಕೇಳುತ್ತಾ ನಮ್ಮಪ್ಪ ಬರುತ್ತಿದ್ದ. ಯಾಕೆ ಬರುತ್ತಿದ್ದ ಎಂದು ನನಗೆ ತಿಳಿಯಲಿಲ್ಲ. ಅವನ ಕರಿ ಕೋಟು, ಅದರ ಹಿಂದಿನ ಚುಂಗು ಹಿಡಿದುಕೊಂಡು ನಡೆಯುತ್ತಿದ್ದ ಆರು ವರ್ಷದ ನಾನು. ಅಪ್ಪನ ಎರಡೂ ಕೈ ಕ್ಲಾರಿನೆಟ್ ಮೇಲೆ ಇರುವುದರಿಂದ ಹಿಡಿದುಕೊಳ್ಳಲು ನನಗೆ ಸಿಗುತ್ತಿದ್ದದ್ದು ಕೋಟು ಮಾತ್ರ. ನಾನು ಮುಗ್ಗರಿಸಿದರೆ ಅಪ್ಪ ಊದುವುದನ್ನು ಒಂದು ಕ್ಷಣ ನಿಲ್ಲಿಸಿ, "ನಿಧಾನ ನಡಿ ಮಗಾ. ಅವಸರ ಇಲ್ಲ" ಎನ್ನುತ್ತಿದ್ದ. ಮತ್ತೆ ಊದುತ್ತಿದ್ದ. ಆ ನಡಿಗೆಗೂ ಈ ಹಾಡಿಗೂ ಹೆಜ್ಜೆ ಹೆಜ್ಜೆಗೂ ಸರಿಹೋಗುತ್ತಿತ್ತು. ರಾಕ್ ಸಂಗೀತ ಎಂಥ ದೊಡ್ಡದು, ಇಂಗ್ಲಿಷಿನವರು ನಮ್ಮಪ್ಪನವರೆಗೂ ತಲುಪಿಬಿಟ್ಟರಲ್ಲ ಎಂದುಕೊಂಡೆ.

ಅಪ್ಪ ಯಾವ ಮೆರವಣಿಗೆಯಲ್ಲಿ ಹಾಗೆ ನಡೆಯುತ್ತಿದ್ದ ಎಂದು ಮಾತ್ರ ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಅಭ್ಯಾಸ ಕೆರೆಯ ಪಕ್ಕದ ಖಾಲಿ ಸೈಟಿನಲ್ಲಿ. ನಮ್ಮ ಟ್ರಂಪೆಟ್ಟಿನ ಆರೋಗ್ಯಸ್ವಾಮಿ ವಯಸ್ಸಿನಲ್ಲಿ ನನಗಿಂತ ದೊಡ್ಡವನು, ನಮ್ಮಪ್ಪನ ಜೊತೆ ನುಡಿಸಿದವನು. ಎರಡು ಸಲ ಹಾಡು ಕೇಳಿ, ಟ್ರಂಪೆಟ್ಟನ್ನು ಕೆಳಗಿಟ್ಟ.

"ಗೋವಿಂದು, ಇದು ಮದುವೆಗೇನಾ?"

"ಮದುವೆಗೇ."

"ನಿಮ್ಮಪ್ಪನ ಜೊತೆ ಶಾಂತಿನಗರದ ಸ್ಮಶಾನಕ್ಕೆ ಹೋಗ್ತಿದ್ವಲ್ಲ, ಆ ನಡೆ ಇದ್ದಂಗಿದೆ."

ಸಿಟ್ಟು ನನ್ನ ನೆತ್ತಿಗೆ ಏರಿತು. ಮೂವತ್ತು ವರ್ಷ ಕಷ್ಟಪಟ್ಟು ನಾನು ತೊಳೆದುಕೊಂಡ ಹೆಸರನ್ನು ಇವನು ಒಂದು ಮಾತಿನಲ್ಲಿ ಮತ್ತೆ ಮೆತ್ತುತ್ತಾನಲ್ಲ! ಬೇಕಾದರೆ ನುಡಿಸು, ಇಲ್ಲದಿದ್ದರೆ ಕೋಟು ಬಿಚ್ಚಿಟ್ಟು ಹೋಗು ಎಂದುಬಿಟ್ಟೆ. ಆರೋಗ್ಯಸ್ವಾಮಿ ಟ್ರಂಪೆಟ್ಟು ಎತ್ತಿಕೊಂಡ. ಬಹಳ ಚೆನ್ನಾಗಿಯೇ ನುಡಿಸಿದ. ಆ ನಡೆ ಅವನಿಗೆ ಹೊಸದಲ್ಲವಲ್ಲ.

ದಿಬ್ಬಣದ ಸಂಜೆ ಬಂತು. ಇಟ್ಟಮಡುವಿನ ಗಣೇಶನ ಗುಡಿಯಿಂದ ಮಂಟಪದವರೆಗೆ ಮೆರವಣಿಗೆ. ತೆರೆದ ಜೀಪು ಕಾಣದ ಹಾಗೆ ಹೂವು ಮುಚ್ಚಿ, ಮೇಲೆ ಹೂವಿನ ಚಪ್ಪರ ಕಟ್ಟಿ, ಮಧ್ಯೆ ಎತ್ತರದ ಕುರ್ಚಿಯಲ್ಲಿ ವೀರೇಶನನ್ನು ಕೂರಿಸಿದ್ದರು. ಕತ್ತಿನ ತುಂಬಾ ಹಾರ, ತಲೆಗೆ ರುಮಾಲು, ಹಣೆಗೆ ಅಡ್ಡ ವಿಭೂತಿ. ಅಲ್ಲಾಡಿದರೆ ಹಾರ ಜಾರುತ್ತದೆ ಎಂದು ಅವನ ಸೋದರತ್ತೆ ಹೇಳಿದ್ದರಿಂದ ಬೊಂಬೆಯ ಹಾಗೆ ಕೂತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿ ದೀಪವೂ ಇಲ್ಲ, ಮಂಟಪದ ಸೀರಿಯಲ್ ಸೆಟ್ಟೂ ಇಲ್ಲ. ಮಬ್ಬು ಬೆಳಕಿನಲ್ಲಿ ನಾವು ಎರಡು ಸಾಲಾಗಿ ಮುಂದೆ ನಿಂತೆವು. ನಾನು ಕೈ ಎತ್ತಿದೆ. ಶುರುವಾಯಿತು.

ಮೊದಲ ಐದು ನಿಮಿಷ ಏನೂ ಆಗಲಿಲ್ಲ. ಅದೇ ಮೊದಲ ಸೂಚನೆ. ವೀರೇಶನ ಆಫೀಸಿನ ಗೆಳೆಯರು ಕುಣಿಯಲು ತಯಾರಾಗಿ, ಶೂ ಲೇಸು ಬಿಗಿದುಕೊಂಡು ನಿಂತಿದ್ದರು. ಒಂದು ಕಾಲು ಎತ್ತಿದರು. ಡ್ರಮ್ಮಿನ ಮುಂದಿನ ಏಟು ಬರಲಿಲ್ಲ. ಎತ್ತಿದ ಕಾಲನ್ನು ಏನು ಮಾಡುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕೈಕಟ್ಟಿಕೊಂಡು, ತಲೆ ತಗ್ಗಿಸಿ ನಮ್ಮ ಹಿಂದೆ ನಡೆಯತೊಡಗಿದರು. ಹೆಂಗಸರ ಮಾತು ತಾನಾಗಿ ನಿಂತಿತು. ನಾನು ನಮ್ಮ ಸಂಗೀತಕ್ಕೆ ಎಂಥ ಮರ್ಯಾದೆ ಎಂದುಕೊಂಡು ಇನ್ನಷ್ಟು ಭಾವ ತುಂಬಿ ಊದಿದೆ.

ಮೂಲೆಯ ದಿನಸಿ ಅಂಗಡಿಯವನು ನಮ್ಮನ್ನು ನೋಡಿದವನೇ ಅರ್ಧ ಶಟರ್ ಎಳೆದ. ಪಕ್ಕದ ಟೈಲರ್ ಕೂಡ ಎಳೆದ. ಸಾವು ಹೋಗುವಾಗ ನಮ್ಮ ಕಡೆ ಅಂಗಡಿಯವರು ಹಾಗೆ ಮಾಡುತ್ತಾರೆ. ಇವರೇಕೆ ಮಾಡುತ್ತಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ. ಕರೆಂಟು ಹೋಗಿದ್ದಕ್ಕೆ ಬಾಗಿಲು ಹಾಕುತ್ತಿದ್ದಾರೆ ಎಂದುಕೊಂಡೆ. ಸ್ಕೂಟರಿನಲ್ಲಿ ಬರುತ್ತಿದ್ದವರೊಬ್ಬರು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಚಪ್ಪಲಿ ಬಿಟ್ಟು ನಿಂತರು. ಮೆಲ್ಲಗೆ ನಮ್ಮ ಡ್ರಮ್ಮಿನವನನ್ನು ಕೇಳಿದರು.

"ಚಿಕ್ಕ ವಯಸ್ಸು ಅನ್ಸುತ್ತೆ. ಏನಾಗಿತ್ತು?"

"ಏನೂ ಆಗಿಲ್ಲ ಸಾರ್, ನಾಳೆ ಮದುವೆ."

"ಅಯ್ಯೋ ಪಾಪ," ಎಂದರು ಅವರು. ಕಣ್ಣಿನಲ್ಲಿ ನೀರು ತಂದುಕೊಂಡರು.

ನಮ್ಮ ಕಡೆಯ ಕೆಲವು ಜನರಲ್ಲಿ ಹಿರಿಯರು ಹೋದರೆ ಹೂವಿನ ಚಪ್ಪರದಲ್ಲಿ ಕೂರಿಸಿಯೇ ಮೆರವಣಿಗೆ ಮಾಡುತ್ತಾರೆ. ವಿಭೂತಿ, ರುಮಾಲು, ಹಾರ ಎಲ್ಲ ಹೀಗೆಯೇ. ಹೂವು ಮಾರುವ ಮುದುಕಿಯೊಬ್ಬಳು ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ತೆಗೆದುಕೊಂಡು ಜೀಪಿನ ಹತ್ತಿರ ಹೋದಳು. ವೀರೇಶನ ಕಾಲ ಬಳಿ ಹೂವಿಟ್ಟು, ಕೈ ಮುಗಿದು, "ಒಳ್ಳೇ ಜಾಗಕ್ಕೆ ಹೋಗಪ್ಪ" ಎಂದಳು. ವೀರೇಶ ಬಗ್ಗಿ, "ಥ್ಯಾಂಕ್ಸ್ ಅಜ್ಜಿ" ಎಂದ.

ಆ ಮುದುಕಿ ಹಾಕಿದ ಕೂಗು ಕೋಣನಕುಂಟೆಯವರೆಗೆ ಕೇಳಿಸಿರಬೇಕು. ಬುಟ್ಟಿ ಒಂದು ಕಡೆ, ಅವಳು ಒಂದು ಕಡೆ. ಅವಳ ಹಿಂದೆ ಬೀದಿಯ ಎರಡು ನಾಯಿ.

ನಾವು ಅಷ್ಟರಲ್ಲಿ ಮಂಟಪದ ಗೇಟು ತಲುಪಿದ್ದೆವು. ಆರತಿ ತಟ್ಟೆ ಹಿಡಿದ ಹೆಂಗಸರು ನಿಂತಿದ್ದರು. ನಂಜುಂಡಪ್ಪನವರ ತಾಯಿ ಕೆಂಪಮ್ಮಜ್ಜಿ, ಎಂಬತ್ತು ದಾಟಿದವರು, ಕುರ್ಚಿಯಲ್ಲಿ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೇಲಿನ ಬಾಲ್ಕನಿ ಖಾಲಿ. ಸುಧಾ ಇಣುಕಲಿಲ್ಲ. ನಾನು ಹಾಡನ್ನು ಮತ್ತೊಮ್ಮೆ ಮೊದಲಿನಿಂದ ಎತ್ತಿಸಿದೆ. ಆಗಲೂ ಇಲ್ಲ. ವೀರೇಶ ಜೀಪಿನಿಂದ ಬಗ್ಗಿ, ಮರ್ಯಾದೆಯಿಂದಲೇ ಕೇಳಿದ.

"ಮಾಸ್ತರ, ನಮ್ಮ ಹಾಡು ಯಾವಾಗ ಬಾರಸ್ತೀರಿ?"

ಇಪ್ಪತ್ತು ನಿಮಿಷದಿಂದ ಅದನ್ನೇ ಊದಿ ಊದಿ ನನ್ನ ತುಟಿ ಊದಿಕೊಂಡಿತ್ತು! "ಇದೇ ಅದು" ಎಂದೆ.

"ಇದು ಅದಲ್ರೀ."

"ಅದೇ ರೀ. ನೀವೇ ಕೊಟ್ಟ ಕ್ಯಾಸೆಟ್ಟು."

"ನಾ ದಿನಾ ಕೇಳೂ ಹಾಡು, ನನಗ ಗೊತ್ತಾಗೂದಿಲ್ಲೇನ್ರಿ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಓದಿದವನು ಎನ್ನುವ ಜಂಬದಲ್ಲಿ ತನ್ನ ಹಾಡನ್ನೇ ಗುರುತಿಸದವನು ನನ್ನನ್ನು ಸುಳ್ಳುಗಾರ ಮಾಡುವುದೇ? ಇಡೀ ದಿಬ್ಬಣವನ್ನು ನಿಲ್ಲಿಸಿ, ಎಲ್ಲರೂ ಕೇಳಿ, ನ್ಯಾಯ ಇಲ್ಲೇ ತೀರ್ಮಾನವಾಗಲಿ ಎಂದೆ. ರಾಗ ಜ್ಞಾಪಿಸಿಕೊಳ್ಳಲು ಟೇಪ್ ರೆಕಾರ್ಡರಿಗೆ ಸೆಲ್ ಹಾಕಿ ಚೀಲದಲ್ಲಿ ಜೊತೆಗೇ ತಂದಿದ್ದೆ. ಅದನ್ನು ಮಂಟಪದ ಮೆಟ್ಟಿಲ ಮೇಲೆ, ಕಳಸದ ಪಕ್ಕದಲ್ಲಿ ಇಟ್ಟೆ. ಹೆಣ್ಣಿನ ಕಡೆ, ಗಂಡಿನ ಕಡೆ, ಪುರೋಹಿತರು, ಅಡುಗೆಯವರು ಸುತ್ತ ನಿಂತರು. ನಾನು ಎದೆ ಸೆಟೆದು ಗುಂಡಿ ಒತ್ತಿದೆ.

ಬಾವಿಯೊಳಗಿನ ಕೋಣ ಮಂಟಪದ ಮೆಟ್ಟಿಲ ಮೇಲೆ ಕೂಗಿತು.

ವೀರೇಶ ಒಂದು ನಿಮಿಷ ಕಿವಿಗೊಟ್ಟ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ರುಮಾಲು ಕುಲುಕಾಡಿತು, ಆಮೇಲೆ ಹಾರ ಜಾರಿ ಬಿತ್ತು. ಅವನು ನಗುತ್ತಿದ್ದ. ನಗುತ್ತಲೇ ಜೀಪಿನಿಂದ ಇಳಿದು, ನನ್ನ ಟೇಪಿನಿಂದ ಕ್ಯಾಸೆಟ್ ತೆಗೆದುಕೊಂಡು, ಹಿಂದೆ ನಿಂತಿದ್ದ ಗೆಳೆಯನ ವ್ಯಾನಿನ ಸ್ಟೀರಿಯೋಗೆ ಹಾಕಿ, ಬಾಗಿಲುಗಳನ್ನೆಲ್ಲ ತೆರೆದುಬಿಟ್ಟ.

ಅಯ್ಯಾ! ಆ ಹಾಡು ಓಡಿತು! ಬಾಲಕ್ಕೆ ಬೆಂಕಿ ಬಿದ್ದ ಕುದುರೆಯ ಹಾಗೆ ಓಡಿತು. ಕೋಣ ಎಂದುಕೊಂಡವನು ಇಪ್ಪತ್ತು ವರ್ಷದ ಹುಡುಗ. ನರಳುತ್ತಿದ್ದ ತಂತಿ ನಗುತ್ತಿತ್ತು. ಕೈಕಟ್ಟಿ ನಡೆದ ಗೆಳೆಯರೆಲ್ಲ ಬೀದಿಯಲ್ಲಿ ಹುಚ್ಚು ಹಿಡಿದವರ ಹಾಗೆ ಕುಣಿದರು. ದಿನಸಿ ಅಂಗಡಿಯವನ ಶಟರ್ ಮೇಲೆ ಹೋಯಿತು. ಹೆಲ್ಮೆಟ್ ತೆಗೆದವರು ಮತ್ತೆ ಹಾಕಿಕೊಂಡು, ನನ್ನನ್ನು ದುರುಗುಟ್ಟಿ ನೋಡಿ ಹೋದರು. ಮೇಲಿನ ಬಾಲ್ಕನಿಯ ಬಾಗಿಲು ತೆರೆಯಿತು. ಸುಧಾ, ಅರ್ಧ ಜಡೆ ಹಾಕಿಸಿಕೊಂಡಿದ್ದವಳು, ಕಂಬಿ ಹಿಡಿದು ಬಗ್ಗಿದಳು. "ಸೌಂಡ್ ಕಮ್ಮಿ ಮಾಡ್ತೀರೋ ಇಲ್ವೋ" ಎಂದಳು. ಎಲ್ಲರೂ ನಕ್ಕರು. ವೀರೇಶ ಮಾತ್ರ ನಗಲಿಲ್ಲ, ಸುಮ್ಮನೆ ಮೇಲೆ ನೋಡುತ್ತಾ ನಿಂತುಬಿಟ್ಟ.

ನಾವು ಎಂಟು ಜನ ವಾದ್ಯಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಬದಿಗೆ ಸರಿದೆವು. ಒಂದು ವ್ಯಾನಿನ ನಾಲ್ಕು ಬಾಗಿಲು ನಮ್ಮ ಮೂವತ್ತು ವರ್ಷವನ್ನು ಒರೆಸಿ ಹಾಕಿತು. ಆರೋಗ್ಯಸ್ವಾಮಿ "ನಾನು ಹೇಳಿದ್ದೆ" ಎನ್ನಲಿಲ್ಲ. ಅಂದಿದ್ದರೆ ಹೊಡೆದಾಟವಾದರೂ ಆಗಿ ನನ್ನ ಮನಸ್ಸಿಗೆ ಸಮಾಧಾನ ಆಗುತ್ತಿತ್ತು. ಅವನು ನನ್ನ ಬೆನ್ನು ಸವರಿದ. ಅದಕ್ಕಿಂತ ದೊಡ್ಡ ಅವಮಾನ ಬೇಕೇ?

ಮಾರನೆಯ ದಿನ ಮುಹೂರ್ತ ಮುಗಿದ ಮೇಲೆ ಬೋರ್ಡು ಬಿಚ್ಚಿಕೊಂಡು ಹೋಗಲು ನಾನೇ ಹೋದೆ. ತೆಗೆಸಿದರು ಎನ್ನಿಸಿಕೊಳ್ಳುವುದಕ್ಕಿಂತ ತೆಗೆದ ಎನ್ನಿಸಿಕೊಳ್ಳುವುದು ಮೇಲು. ಸ್ಪ್ಯಾನರ್ ಹಿಡಿದು ಗೇಟು ಹತ್ತುತ್ತಿದ್ದಾಗ ಒಳಗಿನಿಂದ ಕೆಂಪಮ್ಮಜ್ಜಿ ಕರೆದರು. ಪಕ್ಕದಲ್ಲಿ ನಂಜುಂಡಪ್ಪ ಮುಖ ಗಂಟು ಹಾಕಿಕೊಂಡು ನಿಂತಿದ್ದರು. ತಲೆ ತಗ್ಗಿಸಿ ಮುಂದೆ ನಿಂತೆ. ಅಜ್ಜಿ ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಮುಂದೆ ಚಾಚಿದರು. ವಾದ್ಯದವರಿಗೆ ಕೆಲಸ ಒಪ್ಪಿಸುವ ಪದ್ಧತಿ ಅದೇ. ವೀಳ್ಯ ಕೊಟ್ಟರೆ ಒಪ್ಪಿಸಿದ ಹಾಗೆ, ಕೈಯಲ್ಲಿ ತೆಗೆದುಕೊಂಡರೆ ಒಪ್ಪಿಕೊಂಡ ಹಾಗೆ. ತೆಗೆದುಕೊಂಡ ವೀಳ್ಯವನ್ನು ಹಿಂದಕ್ಕೆ ಕೊಟ್ಟ ಬ್ಯಾಂಡಿನವನು ನಮ್ಮ ವಂಶದಲ್ಲಿಯೇ ಇಲ್ಲ. ನನ್ನ ಕೈ ಅಭ್ಯಾಸಬಲದಿಂದ ತಾನಾಗಿ ಮುಂದೆ ಹೋಯಿತು. ತೆಗೆದುಕೊಂಡೆ. ಆಮೇಲೆ ಕೇಳಿದೆ.

"ಯಾವಾಗ ಅಜ್ಜಿ, ಯಾರ ಮದುವೆ?"

"ಮದುವೆ ಅಲ್ಲ ಕಣಪ್ಪ, ನನ್ನದು" ಎಂದರು ಅಜ್ಜಿ. "ನಮ್ಮೆಜಮಾನ್ರು ಹೋದಾಗ ನಿಮ್ಮಪ್ಪ ನುಡಿಸಿದ್ದ. ನಿನ್ನೆ ದೂರದಿಂದ ಕೇಳ್ತಿದ್ದಂಗೇ ಅದೇ ನಡೆ ಅಂತ ಗೊತ್ತಾಯ್ತು. ಅವರು ಹೋದ ಮೇಲೆ ಅಷ್ಟು ಚೆನ್ನಾಗಿ ಕೇಳಿರ್ಲಿಲ್ಲ. ನನಗೂ ನೀನೇ ಬರ್ಬೇಕು."

"ಅಜ್ಜಿ, ನಮ್ಮದು ಶುಭಕಾರ್ಯಗಳಿಗೆ ಮಾತ್ರ..."

"ವೀಳ್ಯ ತಗೊಂಡಿದೀಯ."

ತೆಗೆದುಕೊಂಡಿದ್ದೆ! ಅಂಗೈಯಲ್ಲಿ ಎಲೆ ನನ್ನನ್ನೇ ನೋಡುತ್ತಿತ್ತು. ಅಜ್ಜಿ ಮಗನ ಕಡೆ ತಿರುಗಿ, "ಬೋರ್ಡು ಇರ್ಲಿ ಬಿಡು. ನನ್ನದು ಮುಗಿಯೋವರೆಗೂ ಇರ್ಲಿ" ಎಂದರು. ನಂಜುಂಡಪ್ಪ ತಾಯಿಯ ಮಾತಿಗೆ ಎದುರು ಹೇಳುವವರಲ್ಲ. ನಾನು ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಬಂದವನೇ ಸಿಟ್ಟಿನಿಂದ ಟೇಪನ್ನು ಅದೇ ಜಯನಗರದ ಅಂಗಡಿಗೆ ಕೊಟ್ಟು, ಹೊಸ ಬೆಲ್ಟು ಹಾಕಿಸಿದೆ. ಸರೋಜಳ ಲಕ್ಷ್ಮಿ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಬಂದಳು. ವೀರೇಶ ಆ ಕ್ಯಾಸೆಟ್ಟನ್ನು ನನಗೇ ಕೊಟ್ಟುಬಿಟ್ಟಿದ್ದ. ಒಂದು ಮಧ್ಯಾಹ್ನ ಹಾಕಿ ಕೂತೆ. ಹಾಡು ಓಡಿತು, ಕುಣಿಯಿತು, ಮುಗಿದೇ ಹೋಯಿತು. ಅಪ್ಪ ಬರಲಿಲ್ಲ. ಆ ವೇಗಕ್ಕೆ ಅವನು ಹೇಗೆ ನಡೆದಾನು? ಇನ್ನೊಂದು ಸಲ ಹಾಕಿದೆ. ಬರಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಿನ ಮುಚ್ಚಳ ಬಿಚ್ಚಿದೆ. ಸರೋಜ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ, ನಾನು ಎಸೆದಿದ್ದ ಸೈಕಲ್ ಟ್ಯೂಬಿನ ಉಂಗುರವನ್ನು ತಂದು ಮುಂದಿಟ್ಟಳು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿಕೊಂಡಿದ್ದಳಂತೆ.

"ಶುಕ್ರವಾರ ಮಾತ್ರ ಬದಲಾಯಿಸಿ ಕೊಡಿ," ಎಂದಳು.

ಆ ವರ್ಷ ಮದುವೆಗೆ ನಮ್ಮನ್ನು ಯಾರೂ ಕರೆಯಲಿಲ್ಲ. ದಿಬ್ಬಣದ ಸುದ್ದಿ ಬನಶಂಕರಿ ದಾಟಿ ಹೋಗಿತ್ತು. ನಮ್ಮ ಬ್ಯಾಂಡಿಗೆ ಇದ್ದದ್ದು ಒಂದೇ ಒಂದು ಬುಕಿಂಗು, ಅದಕ್ಕೂ ತಾರೀಕಿಲ್ಲ. ಕೆಂಪಮ್ಮ​ಜ್ಜಿ ಎರಡು ಹೊತ್ತು ಮುದ್ದೆ ಉಣ್ಣುತ್ತಾರೆ, ಕೋಲಿಲ್ಲದೆ ಗುಡಿಗೆ ಹೋಗಿ ಬರುತ್ತಾರೆ. ಬೋರ್ಡು ಗೇಟಿನ ಮೇಲೆ ಇನ್ನೂ ಇದೆ, "ಮಾತ್ರ" ಎನ್ನುವ ಕೆಂಪು ಅಕ್ಷರದ ಸಮೇತ. ಅದು ಅಲ್ಲೇ ಇರಬೇಕೆಂದರೆ ಅಜ್ಜಿ ನೂರು ವರ್ಷ ಬಾಳಬೇಕು. ನಾನು ಯಡಿಯೂರಿನ ಗುಡಿಯಲ್ಲಿ ಯಾರ ಆಯುಸ್ಸಿಗೆ ಅರ್ಚನೆ ಮಾಡಿಸುತ್ತೇನೆ ಎಂದು ಸರೋಜಳಿಗೂ ಹೇಳಿಲ್ಲ.

ಮೊನ್ನೆ ಇಟ್ಟಮಡುವಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಜಗಲಿಯಿಂದ ಅಜ್ಜಿ ಕೂಗಿದರು.

"ಅಭ್ಯಾಸ ನಡೀತಿದೆಯೇನಪ್ಪಾ?"

"ನಡೀತಿದೆ ಅಜ್ಜಿ."

"ನಿಧಾನವಾಗಿ ಮಾಡು. ಅವಸರ ಇಲ್ಲ."

ಸೈಕಲ್ ಇಳಿದು ತಳ್ಳಿಕೊಂಡು ಹೋದೆ. ಹಿಂದಿನ ಚಕ್ರದ ಗಾಳಿ ಹೋಗಿತ್ತು. ಟ್ಯೂಬಿಗೆ ಎಷ್ಟು ಸಲ ತೇಪೆ ಹಾಕಿದರೆ ತಾನೇ ತಡೆದೀತು?